ಶರಣವ್ವನ ಟಾರಿನ್

ಮನೆಯ ಬೆಕ್ಕು ಕುರುಡಾಗುತ್ತಿದೆ ಎಂಬ ಚಿಂತೆ ನಿಮ್ಮನ್ನು ಎಂದಾದರೂ ಕಾಡಿದೆಯೇ? ನನ್ನನ್ನು ಕಾಡಿತು. ಹಲ್ಲುಜ್ಜುವಾಗ ಕಾಡಿತು, ರೊಟ್ಟಿ ಬಡಿಯುವಾಗ ಕಾಡಿತು. ತಪ್ಪೆಲ್ಲ ಮೊಬೈಲಿನದು. ಬೆಕ್ಕಿಗೆ ಟಾರಿನ್ ಎಂಬ ಅಮೈನೊ ಆಮ್ಲ ಬೇಕೇ ಬೇಕಂತೆ. ಅದರ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದಂತೆ. ಮಾಂಸ, ಮೀನು ತಿಂದರಷ್ಟೇ ಸಿಗುತ್ತದಂತೆ. ಸಿಗದಿದ್ದರೆ ಮೊದಲು ಕಣ್ಣು, ಆಮೇಲೆ ಹೃದಯ!

ನಮ್ಮದೋ, ಮೊಟ್ಟೆ ಎಂಬ ಪದವನ್ನೂ ಪಿಸುಗುಟ್ಟಿ ಹೇಳುವ ಮನೆ. ಬೆಕ್ಕಿನ ಹೆಸರು ಶರಣವ್ವ. ಅದರ ಹಣೆಯ ಮೇಲೆ ಮೂರು ಬಿಳಿ ಗೀರುಗಳಿರುವುದರಿಂದ, "ಹುಟ್ಟತಾನೇ ವಿಭೂತಿ ಹಚ್ಕೊಂಡು ಬಂದಾಳ" ಎಂದು ನಮ್ಮತ್ತೆ ಅನ್ನಮ್ಮನವರು ಸರ್ಟಿಫಿಕೇಟು ಕೊಟ್ಟಿದ್ದಾರೆ. ಆಹಾರ, ಹಾಲು-ರೊಟ್ಟಿ.

ಬೆಕ್ಕಿನ ಕಣ್ಣು ಹೋದರೆ ನಿನಗೇನಮ್ಮಾ ಎನ್ನಬೇಡಿ. ಮೂರು ವರ್ಷದ ನನ್ನ ಮಗಳು ಪವಿತ್ರಾ ರಾತ್ರಿ ಊಟಕ್ಕೆ ಕೂರುವುದು ಶರಣವ್ವನ ಪಂಕ್ತಿಯಲ್ಲೇ. ಅದು ಬಾಯಿ ಹಾಕಿದರೆ ಇವಳಿಗೊಂದು ತುತ್ತು. ಈಗ ಕೆಲವು ದಿನಗಳಿಂದ ಶರಣವ್ವ ಹಾಲು-ರೊಟ್ಟಿ ಮೂಸಿ ಮುಖ ತಿರುಗಿಸುತ್ತಿತ್ತು. ಪವಿತ್ರಾಳೂ ಅಷ್ಟೇ ಠೀವಿಯಿಂದ ತಿರುಗಿಸುತ್ತಿದ್ದಳು. ಮಗು ಉಪವಾಸ ಮಲಗಿದರೆ ತಾಯಿಗೆ ನಿದ್ದೆಯೇ?

ಬೆಕ್ಕಿನ ಮುಂದೆ ದಾರ ಆಡಿಸಿ ನೇತ್ರ ತಪಾಸಣೆ ನಡೆಸಿದೆ. ಅದು ಆಕಳಿಸಿತು. ಅತ್ತೆ ನೋಡಿಯೇಬಿಟ್ಟರು.

"ಏನವ್ವಾ, ಬೆಕ್ಕಿಗಿ ದೃಷ್ಟಿ ತೆಗಿಯಾಕತ್ತೀಯೇನು?"

"ಇಲ್ಲ ಅತ್ತೆ, ದೃಷ್ಟಿ ಇದೆಯೋ ಇಲ್ಲವೋ ನೋಡ್ತಿದೀನಿ."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. (ಪಾಪ, ಅಳುತ್ತಿದ್ದಾರೆ ಎಂದುಕೊಂಡೆ.)

ಗಂಡ ಬಸವಲಿಂಗರ ಕಿವಿಯಲ್ಲಿ ಹೇಳಿದೆ: "ರೀ, ಬೆಕ್ಕಿಗೆ ಮಾಂಸ ಬೇಕು."

"ಮೆಲ್ಲಕ ಅನ್ನು! ಅವ್ವ ಕೇಳಿದ್ರ ಬೆಕ್ಕಿನ ಜೋಡಿ ನಮ್ಮನ್ನೂ ಹೊರಗ ಹಾಕ್ತಾಳ."

"ಅದರ ಕಣ್ಣು ಹೋಗುತ್ತೆ ರೀ!"

ಅವರು ಯೋಚಿಸಿದರು. ಶಹಾಪುರದಲ್ಲಿ ನಮ್ಮದು ತೊಗರಿ ದಲಾಲಿಯ ಅಡತಿ ಅಂಗಡಿ. "ಅಂಗಡ್ಯಾಗ ಚೀಲದ ಸಂದ್ಯಾಗ ಬೇಕಾದಷ್ಟು ಇಲಿ ಅದಾವ, ಕರ್ಕೊಂಡು ಬಾ. ಮನಿ ನೇಮ ಮನಿಗಿ, ಅಂಗಡಿ ನೇಮ ಅಂಗಡಿಗಿ."

ಎಂಥ ಧರ್ಮಸೂಕ್ಷ್ಮ! ಶರಣವ್ವನನ್ನು ಕಾಯಿಪಲ್ಲೆ ಚೀಲದಲ್ಲಿ ಆಟೋ ಹತ್ತಿಸಿ ಒಯ್ದು, ತೊಗರಿ ಚೀಲಗಳ ಮೇಲೆ ಪ್ರತಿಷ್ಠಾಪಿಸಿದೆ. ದಪ್ಪನೆಯ ಇಲಿಯೊಂದು ಬಂತು. ಎದುರಿಗೇ ನಿಂತಿತು. ಮೀಸೆ ತೀಡಿಕೊಂಡು ಆರಾಮಾಗಿ ಹೋಯಿತು. ಶರಣವ್ವ ತಗಡಿನ ಮಾಡು ನೋಡುತ್ತಾ ಧ್ಯಾನದಲ್ಲಿತ್ತು.

"ಅಕ್ಕೋರ, ಇದನ್ನ ಇಲ್ಲೇ ಬಿಟ್ಟು ಹೋಗಬ್ಯಾಡ್ರಿ," ಎಂದ ಹಮಾಲ ಮೌನಪ್ಪ. "ಇಲಿಗೋಳು ಎತ್ಕೊಂಡು ಹೋದಾವು!"

ಅಂಗಡಿಯೆಲ್ಲ ನಕ್ಕಿತು. ನನಗೆ ಅಳು. ಇಷ್ಟು ದೊಡ್ಡ ಇಲಿ ಕಾಣಲಿಲ್ಲವೆಂದರೆ ಕಣ್ಣು ಪೂರ್ತಿ ಹೋಯಿತೆಂದೇ ಅರ್ಥ. ಅಂದು ರಾತ್ರಿಯೂ ಪವಿತ್ರಾ ತಟ್ಟೆ ಸರಿಸಿದಾಗ ತಡೆಯಲಾಗಲಿಲ್ಲ. ಹಿಂದಿನ ಓಣಿಯ ಉಮೆಸಲ್ಮಾ ನನ್ನ ರವಿಕೆ ಹೊಲಿಯುವವಳು, ಅವರ ಮನೆಯಲ್ಲಿ ಮಾಂಸ ಬೇಯುತ್ತದೆ. ಕೇಳಲು ಸಂಕೋಚ, ಅತ್ತೆಗೆ ತಿಳಿದರೆ ಪ್ರಳಯ. ಆದರೂ ಮಾಳಿಗೆ ಹತ್ತಿ ಫೋನು ಹಚ್ಚಿಯೇಬಿಟ್ಟೆ.

"ಉಮೆಸಲ್ಮಾ, ನಮ್ಮ ಬೆಕ್ಕಿಗೆ ನಾಲ್ಕು ಚೂರು ಮಟನ್ ಕೊಡ್ತೀರಾ? ಅತ್ತೆಗೆ ಮಾತ್ರ ಗೊತ್ತಾಗಬಾರದು."

ಆ ಕಡೆ ಕಿಸಕ್ಕನೆ ನಗು. "ಇನ್ನಾ ಎಷ್ಟು ಹಾಕ್ಲಿರಿ ಅಕ್ಕಾ? ಮೊದಲ ಅದು ತಾನೇ ಬರ್ತಿತ್ತು. ಈಗ ದಿನಾ ಸಂಜಿಮುಂದ ನಿಮ್ಮ ಅತ್ತಿಯವರೇ ಎತ್ಕೊಂಡು ಬರ್ತಾರ. ತಿಂದು ತಿಂದು ಅದಕ್ಕ ಏಳಾಕ ಆಗವಲ್ದು!"

"ಅತ್ತೆಯವರಾ?"

"ಹೌದ್ರಿ. 'ಸೊಸಿಗಿ ಹೇಳಬ್ಯಾಡ, ಮೊದಲೇ ಗಾಬರಿ ಸ್ವಭಾವ' ಅಂದಾರ."

ಸಂಜೆ ಅಜ್ಜಿ ಮೊಮ್ಮಗಳು ಹಿತ್ತಿಲಲ್ಲಿ ಆಡುತ್ತಾರೆಂದು ನಂಬಿದ್ದವಳು ನಾನು. "ಮತ್ತೆ... ಪವಿತ್ರಾ?"

"ಆಕಿನೂ ಜೋಡೀಲೇ! ಹೆದರಬ್ಯಾಡ್ರಿ, ಆಕಿಗಿ ತುಪ್ಪ-ಸಕ್ಕರಿ ಚಪಾತಿ, ಹೊಟ್ಟಿ ತುಂಬ. ಅತ್ತಿಯವರಿಗಿ ಚಾ. ನಿಮ್ಮ ಮನಿ ಹೆಣ್ಮಕ್ಕಳಾಗ ನೀವೊಬ್ಬರೇ ಬಂದಿಲ್ಲ ನೋಡ್ರಿ. ನಾಳಿ ಬರ್ರಿ ಅಕ್ಕಾ. 'ಸೊಸಿ ಬಹಳ ಸೊರಗ್ಯಾಳ, ಎದುರಿಗಿ ನಡದದ್ದೂ ಆಕಿಗಿ ಕಾಣವಲ್ದು' ಅಂತ ಅತ್ತಿಯವರು ಚಿಂತಿ ಮಾಡಾಕತ್ತಾರ!"