ನನ್ನ ಟ್ರಂಪೆಟ್ಟಿನ ಎರಡನೇ ವಾಲ್ವಿನ ಸನ್ನಿಧಾನಕ್ಕೆ

ಮಾನ್ಯ ಎರಡನೇ ವಾಲ್ವ್‌ನವರೇ,

ಒಂದನೆಯವರಿಗೂ ಮೂರನೆಯವರಿಗೂ ನಡುವೆ ಹಿತ್ತಾಳೆಯ ಗದ್ದುಗೆ ಹಿಡಿದು ಕುಳಿತಿರುವ ತಮಗೆ, ಬ್ಯಾಂಡಿನ ಹಿಂದಿನ ಸಾಲಿನ ಕಡೆಯ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಊದುತ್ತಿರುವ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು.

ಬೆರಳಿನಿಂದ ಒತ್ತಿದರೆ ಇಳಿಯಬೇಕು, ಬಿಟ್ಟರೆ ಏಳಬೇಕು, ತಮ್ಮ ಉದ್ಯೋಗ ಇಷ್ಟೇ. ತಾವು ಇಳಿಯುವುದೇನೋ ಬಹು ಗಂಭೀರವಾಗಿ ಇಳಿಯುತ್ತೀರಿ. ಆಮೇಲೆ ಏಳುವ ಮಾತೇ ಇಲ್ಲ. ಉಂಡು ಒರಗಿದ ಬೀಗರನ್ನಾದರೂ ಇದಕ್ಕಿಂತ ಬೇಗ ಎಬ್ಬಿಸಬಹುದು.

ನಮ್ಮ ಬ್ಯಾಂಡ್ ಮಾಸ್ಟರರೂ ನನಗೆ ಹೆಣ್ಣು ಕೊಟ್ಟ ಮಾವನವರೂ ಒಬ್ಬರೇ ಆಗಿರುವ ನನ್ನ ಪುಣ್ಯವಿಶೇಷದಿಂದ, ಕಳೆದ ಭಾನುವಾರದ ಕಾರ್ಯಕ್ರಮದಲ್ಲಿ ಮೊಟ್ಟಮೊದಲ ಬಾರಿಗೆ ಒಬ್ಬನೇ ಊದುವ ಎಂಟು ಸಾಲು ನನ್ನ ಪಾಲಿಗೆ ಬಂದಿತ್ತು. ಕೆಟ್ಟರೆ ಇನ್ನು ಅದು ನಮ್ಮಲ್ಲೇ ಟ್ರಂಪೆಟ್ ಊದುವ ಭಾವಮೈದುನನ ಪಾಲು ಎಂಬ ಎಚ್ಚರಿಕೆಯೂ ಜೊತೆಗೇ ಬಂದಿತ್ತು. ಆದ್ದರಿಂದ ಅಂದು ಬೆಳಿಗ್ಗೆ ತಮ್ಮ ಮೂವರನ್ನೂ ಬಿಚ್ಚಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೀಯಿಸಿ, ಮನೆಯಾಕೆಯ ಹೊಸ ಟವೆಲಿನಲ್ಲಿ ಒರೆಸಿ, ಎಣ್ಣೆ ಸವರಿ, ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ ಒಳಗಿಟ್ಟೆ. ಒಳಗಿಡುವ ಮೊದಲೇ, ವಾಲ್ವುಗಳ ಮೈಮೇಲೆ ಕೆತ್ತಿದ ಅಂಕಿ ನೋಡಿಕೊಂಡು ಹಾಕಿ ಎಂದು ಆಕೆ ನನ್ನ ಕನ್ನಡಕ ಚಾಚಿದ್ದಳು. "ಹತ್ತೊಂಬತ್ತು ವರ್ಷ ಊದಿದವನಿಗೆ ಹೇಳಿಕೊಡ್ತೀಯಾ?" ಎಂದು ನಕ್ಕುಬಿಟ್ಟೆ.

ಸಭೆಯಲ್ಲಿ ಎದ್ದು ನಿಂತು ಊದಿದೆ. ಕೆನ್ನೆ ಉಬ್ಬಿತು, ಕಣ್ಣು ಕೆಂಪಗಾಯಿತು, ಸ್ವರ ಮಾತ್ರ ಹೊರಡಲಿಲ್ಲ. ಇದು ತಮ್ಮ ನಿದ್ದೆಯದೇ ಕೆಲಸ ಎಂದು ಆಗಲೇ ತೀರ್ಮಾನಿಸಿದೆ. ಎಂಟು ಸಾಲೂ ಹಾಗೆಯೇ ಕಳೆದುಹೋದವು. ಮಾವನವರು ಕೋಲು ಕೆಳಗಿಟ್ಟು, "ಅಳಿಯಂದ್ರೇ, ಒಲೆ ಊದಿದ್ದಾಯ್ತಾ?" ಎಂದರು, ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ. ಸುಳ್ಳೇಕೆ, ನನಗೆ ಅಳುವೇ ಬಂತು.

ಆದಕಾರಣ ತಾವು ಕೂಡಲೇ ರಾಜೀನಾಮೆ ದಯಪಾಲಿಸಬೇಕು. ಅದಾಗದಿದ್ದರೆ ಆ ಭಾನುವಾರವನ್ನು ಬೆಳಗಿನಿಂದ ನನಗೆ ವಾಪಸು ಕೊಡಿಸಬೇಕು. ಅದೂ ಕೈಲಾಗದಿದ್ದರೆ ಭಾವಮೈದುನನ ಟ್ರಂಪೆಟ್ಟಿಗೆ ವರ್ಗವಾಗಿ ಹೋಗಿ, ಅಲ್ಲಿಯೂ ಇದೇ ನಿಷ್ಠೆಯಿಂದ ಮಲಗಬೇಕು ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಹಿಂದಿನ ಸಾಲಿನ ಕಡೆಯ ಕುರ್ಚಿಯವನು

ತಾ.ಕ.: ಇದನ್ನು ತಾಲೀಮು ಕೋಣೆಯ ಗೋಡೆಗೆ ಅಂಟಿಸುವಷ್ಟರಲ್ಲಿ, ಟ್ರಂಪೆಟ್ಟನ್ನು ನೋಡಲು ಕೊಟ್ಟಿದ್ದ ರಿಪೇರಿಯವನು ಹೇಳಿಕಳಿಸಿದ್ದಾನೆ: ಒಂದನೆಯವರ ಜಾಗದಲ್ಲಿ ಮೂರನೆಯವರೂ ಮೂರನೆಯವರ ಜಾಗದಲ್ಲಿ ಒಂದನೆಯವರೂ ಕೂತು ಗಾಳಿಯ ದಾರಿ ಮುಚ್ಚಿದ್ದರಂತೆ, ತಮ್ಮ ಜಾಗದಲ್ಲಿ ಇದ್ದವರು ತಾವೊಬ್ಬರೇ ಅಂತೆ. ಅಷ್ಟು ಸರಿಯಾಗಿ ಕೂತವರು ಅಕ್ಕಪಕ್ಕದವರಿಗೆ ಒಂದು ಮಾತು ಹೇಳಬಾರದಿತ್ತೇ? ಈ ಸಂಗತಿ ಮನೆಯಾಕೆಗೆ ತಿಳಿಯದಿರಲಿ. ಕನ್ನಡಕ ಇನ್ನೂ ಅವಳ ಹತ್ತಿರವೇ ಇದೆ. ಕೇಳುವ ಧೈರ್ಯ ಸಾಲದೆ, ಈ ಪತ್ರವನ್ನೂ ಕಣ್ಣು ಕಿರಿದು ಮಾಡಿಕೊಂಡೇ ಬರೆದಿದ್ದೇನೆ.