ತಾಲೀಮು ತಪ್ಪಿಸಿಕೊಂಡ ಕಾಲುಗಳು

ಬೆವರು ಸುರಿಸಿ ತಾಲೀಮು ಮಾಡಿದರೆ ಆಟದಲ್ಲಿ ಪೆಟ್ಟಾಗುವುದಿಲ್ಲವೋ, ಅಥವಾ ಪೆಟ್ಟೆಲ್ಲ ತಾಲೀಮಿನಲ್ಲೇ ಮುಗಿದುಹೋಗಿ ಆಟಕ್ಕೆಂದು ಏನೂ ಉಳಿಯುವುದಿಲ್ಲವೋ, ಎಂಬುದು ಫುಟ್‌ಬಾಲ್ ಪ್ರಪಂಚದ ದೊಡ್ಡ ಪ್ರಶ್ನೆ. ದುಡ್ಡಿಗೆ ಆಡುವ ದೊಡ್ಡ ಕ್ಲಬ್ಬುಗಳಲ್ಲಿ ಇದನ್ನು ನೋಡಿಕೊಳ್ಳಲೆಂದೇ ಡಾಕ್ಟರರು ಇರುತ್ತಾರಂತೆ. ಸವದತ್ತಿಯ ನಮ್ಮ ಕಚೇರಿ ತಂಡಕ್ಕೆ ಆ ಅನುಕೂಲವಿರಲಿಲ್ಲ. ಹಾಗಾಗಿ ನಾನೇ ನೋಡಿಕೊಂಡೆ, ಆದಷ್ಟು ದೂರದಿಂದ.

ನೌಕರರ ಕ್ರೀಡಾಕೂಟಕ್ಕೆ ನಾವು ಫುಟ್‌ಬಾಲನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಕಬಡ್ಡಿಗೆ ವಿಪರೀತ ಪೈಪೋಟಿ. ಫುಟ್‌ಬಾಲಿಗೆ ಹೆಸರು ಕೊಟ್ಟಿದ್ದು ನಾವು ಮತ್ತು ಬೈಲಹೊಂಗಲದವರು, ಎರಡೇ ತಂಡ. ಅಂದರೆ ನೇರವಾಗಿ ಫೈನಲ್. ಸೋತರೂ ಎರಡನೇ ಬಹುಮಾನ. ಇಂಥ ಸುಖದ ಆಟಕ್ಕೆ ನಾನು ಉತ್ಸಾಹದಿಂದಲೇ ಹೆಸರು ಬರೆಸಿದೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಕುಂತಲ್ಲೇ ನೀರು ಕೇಳಾವ್ರು ನೀವು. ಖರೇನ ಮೈದಾನಕ್ಕ ಇಳದ್ರ ನಾನೂ ನೋಡಾಕ ಬರತೇನಿ, ಮಗ್ಗಲ ಮನಿ ಪಾರ್ವತಕ್ಕನ್ನೂ ಕರಕೊಂಡ ಬರತೇನಿ" ಎಂದಳು. ಒಂದೇ ಒಂದು ಸಲ ಅವಳ ಕಣ್ಣೆದುರು ಆಟಗಾರನಾಗಿ ನಿಲ್ಲಬೇಕೆಂಬ ಆಸೆ ನನಗೆ ನಿಜಕ್ಕೂ ಹುಟ್ಟಿದ್ದು ಆಗಲೇ. ನಿಲ್ಲಬೇಕಾದರೆ ಕಾಲು ನೆಟ್ಟಗಿರಬೇಕಲ್ಲ?

ತೊಂದರೆ ಶುರುವಾದದ್ದು ತರಬೇತಿಯಿಂದ. ತರಬೇತುದಾರರೆಂದು ಸಿಕ್ಕವರು ನಿವೃತ್ತ ವ್ಯಾಯಾಮ ಶಿಕ್ಷಕರಾದ ನಿಂಗಪ್ಪ ಮಾಸ್ತರರು. ಅವರು ಜೀವನವಿಡೀ ಗರಡಿಮನೆಯಲ್ಲಿ ಪೈಲ್ವಾನರನ್ನು ತಯಾರು ಮಾಡಿದವರು. ನವಿಲುತೀರ್ಥದ ಹತ್ತಿರದ ಬಯಲಿನಲ್ಲಿ ಬೆಳಗಿನ ಕ್ಯಾಂಪು. ಮೊದಲ ದಿನವೇ ನಮ್ಮ ಸ್ಟೋರ್‌ಕೀಪರ್ ಕುಲಕರ್ಣಿಯವರು, "ಸರ್, ಬಾಲು?" ಎಂದು ಕೇಳಿದರು. ಮಾಸ್ತರರು ಬಾಲಿದ್ದ ಚೀಲವನ್ನು ಬಿಗಿಯಾಗಿ ಕಟ್ಟಿ ಮರಕ್ಕೆ ತೂಗುಹಾಕಿದರು. "ಬಾಲು ಎಲ್ಲೂ ಓಡಿ ಹೋಗೂದಿಲ್ರಿ. ಮೊದಲ ತೊಡಿ ಗಟ್ಟಿ ಆಗ್ಲಿ. ಹೊಡೀರಿ ಬೈಠಕ್!"

ಅಲ್ಲಿಂದ ಮುಂದೆ ಬೈಠಕ್, ದಂಡ, ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತುವುದು. ಫುಟ್‌ಬಾಲಿನಲ್ಲಿ ಎದುರಾಳಿಯನ್ನು ಹೊತ್ತುಕೊಂಡು ಓಡುವ ಪ್ರಸಂಗ ಎಂದು ಬರುತ್ತದೋ ನಾನರಿಯೆ. ಕುಲಕರ್ಣಿಯವರ ಮೊಣಕಾಲು ಮೊದಲು ಹೋಯಿತು. ಆಮೇಲೆ ಟೈಪಿಸ್ಟ್ ಪಾಟೀಲನ ಸೊಂಟ. ಅವನನ್ನು ಹೊತ್ತಿದ್ದ ಡ್ರೈವರ್ ಮಲ್ಲಪ್ಪನ ಸೊಂಟವಂತೂ ಜೊತೆಯಲ್ಲೇ ಹೋಯಿತು. "ಇದು ಪೆಟ್ಟಲ್ಲರಿ, ಮೈ ಹದಾ ಆಗಾಕ ಹತ್ತೇತಿ" ಎಂದು ಮಾಸ್ತರರ ಸಮಾಧಾನ. ನಾನು ಬೈಠಕ್ ಶುರುವಾಗುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಗಿರಮಿಟ್ ತರುವ ಹೊಣೆ ಹೊತ್ತು ಮುನವಳ್ಳಿ ಪೇಟೆಗೆ ಹೋಗುತ್ತಿದ್ದೆ. ಹಸಿದ ತಂಡಕ್ಕೆ ಚುರುಮುರಿ ಕಲಸಿ ತರುವುದೂ ಸೇವೆಯೇ. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿಸಿಕೊಳ್ಳುವುದರಲ್ಲಿ ಸಾಕಷ್ಟು ಹೊತ್ತು ಹೋಗುತ್ತದೆ.

ಪಂದ್ಯದ ದಿನ ಬಂತು. ಶಾಂತಾ ಇಳಕಲ್ ಸೀರೆ ಉಟ್ಟು, ಪಾರ್ವತಕ್ಕನೊಡನೆ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ನಾನು ಎದೆಯುಬ್ಬಿಸಿ ಮೈದಾನಕ್ಕೆ ಇಳಿದೆ. ನನ್ನ ಹಿಂದೆ ನಮ್ಮ ತಂಡ ಒಬ್ಬರ ಹೆಗಲು ಒಬ್ಬರು ಹಿಡಿದು ಬಂತು. ತಂಡಕ್ಕೆ ಏಳು ಜನರಾದರೂ ಇರಬೇಕೆಂಬುದು ನಿಯಮ. ಗೋಲುಕಂಬಕ್ಕೆ ಆನಿಸಿ ನಿಲ್ಲಿಸಿದವರನ್ನೂ ಸೇರಿಸಿ ನಾವು ಹೇಗೋ ಏಳಾದೆವು. ಅಷ್ಟರಲ್ಲಿ ಬೈಲಹೊಂಗಲದ ಟೆಂಪೋ ಬಂತು. ಅದರಿಂದ ಇಳಿದವರನ್ನು ನೋಡಿ ನಮ್ಮವರ ಕಣ್ಣಲ್ಲೇ ನೀರು ಬಂತು. ಸ್ವಂತ ಕಾಲಿನ ಮೇಲೆ ಇಳಿದವರು ನಾಲ್ಕೇ ಜನ, ಉಳಿದವರನ್ನು ಇಳಿಸಿಕೊಳ್ಳಬೇಕಾಯಿತು. ವಿಚಾರಿಸಿದರೆ, ಅವರ ತರಬೇತುದಾರ ನಮ್ಮ ನಿಂಗಪ್ಪ ಮಾಸ್ತರರ ಪಟ್ಟ ಶಿಷ್ಯ. ಶಿಷ್ಯ ಗುರುವಿಗಿಂತ ಒಂದು ಕೈ ಮೇಲಾಗಿದ್ದ.

ಕಂಬಕ್ಕೆ ಆನಿಸಿ ನಿಲ್ಲಿಸಿದರೂ ಅವರು ಏಳಾಗಲಿಲ್ಲ; ಬಾಲು ಚೀಲದಿಂದ ಹೊರಗೆ ಬರಲಿಲ್ಲ. ಆಡದೆಯೇ ಗೆದ್ದೆವು. ವೇದಿಕೆಯ ಮೆಟ್ಟಿಲು ಹತ್ತಬಲ್ಲವನು ನಾನೊಬ್ಬನೇ ಆದ್ದರಿಂದ ಕಪ್ಪು ತೆಗೆದುಕೊಳ್ಳಲು ನನ್ನನ್ನೇ ಕಳಿಸಿದರು. ಕಪ್ಪು ಎತ್ತಿ ಹಿಡಿದು ಶಾಂತಾಳತ್ತ ನೋಡಿದೆ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪಾರ್ವತಕ್ಕ ಅವಳಿಗೆ ಹೇಳಿದ್ದು ವೇದಿಕೆಗೂ ಕೇಳಿಸಿತು: "ಎಲ್ಲಾರೂ ಕುಂಟಾಕ ಹತ್ಯಾರು, ನಿಮ್ಮ ಮನಿಯವ್ರಿಗಷ್ಟ ಏನೂ ಆಗಿಲ್ಲಲ್ಲವಾ? ಇವ್ರು ಕ್ಯಾಂಪಿಗೆ ಹೋಗಿದ್ರೋ ಇಲ್ಲೋ?"

ಜೋಪಾನ ಮಾಡಿಟ್ಟ ಕಾಲುಗಳೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ಮೆಟ್ಟಿಲು ಇಳಿಯುವಾಗ ಒಂದು ಕಾಲು ತಾನಾಗಿಯೇ ಕುಂಟತೊಡಗಿತು. ಮಾಸ್ತರರು ಓಡಿಬಂದು ಬೆನ್ನು ತಟ್ಟಿದರು. "ಶಾಬಾಸ್! ಇಷ್ಟ್ ದಿನಾ ನೋವು ನುಂಗಿಕೊಂಡೇ ಗಿರಮಿಟ್ ತಂದ್ರೇನ್ರಿ?" ನಾನು ವಿನಯದಿಂದ ತಲೆ ತಗ್ಗಿಸಿದೆ.

ಮನೆಗೆ ಬಂದ ಮೇಲೆ ಶಾಂತಾ ಎಣ್ಣೆ ಬಿಸಿ ಮಾಡಿಕೊಂಡು ಬಂದು ಕುಳಿತಳು. ಎಷ್ಟೋ ವರ್ಷಗಳ ಮೇಲೆ ಅವಳ ದನಿಯಲ್ಲಿ ಅಷ್ಟು ಮೆತ್ತಗಿನ ಅಕ್ಕರೆ ಕೇಳಿ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. "ಯಾವ ಕಾಲ್ರಿ?" ಎಂದಳು.

ಕುಂಟಿದ್ದು ಯಾವ ಕಾಲಿನಿಂದ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. "ಎರಡೂ" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬಳೆ ಹಿಂದಕ್ಕೆ ಸರಿಸಿದಳು. ನನ್ನ ಮಾವ ರಾಮದುರ್ಗದ ಕಡೆಯ ಹೆಸರಾಂತ ಪೈಲ್ವಾನರು. ಮಾಲೀಸು ಅವಳಿಗೆ ತವರಿನ ಬಳುವಳಿ. "ಹಂಗಾರ ಎರಡೂ ಬರೋಬ್ಬರಿ ತಿಕ್ಕತೇನಿ, ತಡ್ಕೋರಿ" ಎಂದಳು.

ಮರುದಿನ ಕಚೇರಿಗೆ ನನ್ನನ್ನು ಮಲ್ಲಪ್ಪನೇ ಹಿಡಿದುಕೊಂಡು ಬರಬೇಕಾಯಿತು. ಗಾಯಾಳುಗಳ ಬೆಂಚಿನಲ್ಲಿ ಕುಲಕರ್ಣಿಯವರು ಗೌರವದಿಂದ ಸರಿದು ಜಾಗ ಕೊಟ್ಟರು. ಕುಳಿತುಕೊಳ್ಳಲೂ ಆಗಲಿಲ್ಲ.