ಬೂವನಹಳ್ಳಿಗೆ ಇಳಿದ ಬಾಹ್ಯಾಕಾಶ ಹಡಗು

ನಂಬಲ್ಲ ಅನ್ನೋರು ಅರಕಲಗೂಡಿನ ಬಸ್ ಹತ್ತಿ ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಿ. ಬಾಹ್ಯಾಕಾಶದ ಇಂಗ್ಲಿಷ್ ಸಿನಿಮಾ ಸರಣಿಯೊಂದರ ಅಷ್ಟೂ ಭಾಗಗಳನ್ನು ಊರಿಗೆ ಕನ್ನಡದಲ್ಲಿ ಹೇಳಿದವನು ನಾನು. ಇಂಥವೆಲ್ಲ ನನಗೇ ಯಾಕೆ ಆಗುತ್ತವೋ. ಪ್ರತಿಭೆ ಇದ್ದ ಕಡೆ ಆಗುತ್ತವೆ ಅಂತ ಕಾಣುತ್ತೆ.

೧. ಕೈಗೆ ರಜೆ

ದೊಡ್ಡಪ್ಪನ ಬ್ಯಾರನ್, ಅಂದರೆ ಹೊಗೆಸೊಪ್ಪು ಒಣಗಿಸುವ ಗೂಡಿನ ಮುಂದೆ ದೊಡ್ಡಮ್ಮ ಮತ್ತು ಹತ್ತು ಹೆಂಗಸರು ಕೂತು, ಬೇಯಿಸುವ ಮುನ್ನ ಹಸಿ ಎಲೆಗಳನ್ನು ಕೋಲಿಗೆ ದಾರದಲ್ಲಿ ಕಟ್ಟುತ್ತಾರೆ. ಕಟ್ಟಿದ ಕೈಗೆ ಕರೀ ಅಂಟು, ಉಜ್ಜಿದರೂ ಹೋಗಲ್ಲ. ನಾನು ಹಾಸನದಲ್ಲಿ ಸಿನಿಮಾ ನೋಡಿ ಬಂದು ಕಥೆ ಹೇಳಿದರೆ ಅವರ ಕೈ ಎರಡು ಪಟ್ಟು ಓಡುತ್ತಿತ್ತು. ಅದಕ್ಕೇ ದೊಡ್ಡಪ್ಪ, "ಕಥೆ ಇರೋಗಂಟ ಸುಮ್ನೆ ಕೂತ್ಕೊ. ಮುಗಿದ ದಿನ ನೀನೂ ಕಟ್ಬೇಕು ಕಣ್ಲಾ" ಅಂದಿದ್ದರು.

ಆ ಸಿನಿಮಾದ ಪುಣ್ಯಾತ್ಮರು ಒಂಬತ್ತು ಭಾಗ ತೆಗೆದರು. ನನ್ನ ಅಂಗೈ ನೋಡಿದ ಹೆಣ್ಣಿನ ಕಡೆಯವರು "ಬ್ಯಾಂಕಲ್ಲಿ ಕೆಲಸವಾ?" ಅಂತ ಕೇಳಿದ್ದೂ ಉಂಟು.

೨. ವಿದಾಯ

ಒಂಬತ್ತನೆಯದೇ ಕೊನೆ ಅಂದರು. ಮೊದಲ ಆಟಕ್ಕೇ ಹೋದೆ. ಎಂಟು ಭಾಗ ಲೋಕ ಉಳಿಸಿದ ನಾಯಕ ಕುರ್ಚಿಯಲ್ಲಿ ಕೂತು ಹಳೇದೆಲ್ಲ ನೆನೆಸಿಕೊಂಡ. ಖಳನಾಯಕ ಬಂದು ಕ್ಷಮೆ ಕೇಳಿದ. ಇಬ್ಬರೂ ಅಪ್ಪಿಕೊಂಡರು. ಲೈಟು ಹತ್ತಿತು.

ಪಕ್ಕದ ಸೀಟಿನವನು, "ಸಾ, ಇಂಟರ್‌ವಲ್ಲಾ?" ಅಂದ.

"ಇಲ್ಲಪ್ಪ, ಮುಗೀತು."

ನಂಬಲಿಲ್ಲ. ಕಸ ಗುಡಿಸುವವರು ಬಂದು ಎಬ್ಬಿಸೋವರೆಗೂ ಕೂತೇ ಇದ್ದ.

೩. ದಾರ ಕೆಳಗೆ

ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ದೊಡ್ಡಮ್ಮ ದಾರ ಕೆಳಗಿಟ್ಟಳು.

"ಮೂರನೇ ಭಾಗದಾಗೆ ಇವ್ನ ತಂಗೀನ ಸಾಯಿಸಿದ್ನಲ್ಲ, ಅವ್ನಾ ಕ್ಷಮೆ ಕೇಳಿದ್ದು?"

"ಊಂ ದೊಡ್ಡಮ್ಮ."

"ಇವ್ನು ತಬ್ಕೊಂಡ್ನಾ? ನನ್ ಕೈ ಓಡಕ್ಕಿಲ್ಲ ಬುಡು."

ಉಳಿದ ಹತ್ತು ಜನರ ಕೈಯೂ ನಿಂತಿತು. ಕಿತ್ತ ಸೊಪ್ಪು ಅವತ್ತೇ ಬ್ಯಾರನ್ ಸೇರದಿದ್ದರೆ ಹಾಳು. ದೊಡ್ಡಪ್ಪ ಓಡಿಬಂದರು.

"ಏನ್ಲಾ ಮಾಡ್ದೆ?"

"ಸಿನಿಮಾದೋರು ಮಾಡಿದ್ದು ದೊಡ್ಡಪ್ಪ."

"ಅವ್ರು ಬಂದು ಸೊಪ್ಪು ಕಟ್ತಾರಾ? ಸರಿ ಮಾಡು."

ಮಾಡಿದೆ. ಅಪ್ಪಿಕೊಂಡದ್ದು ಉಪಾಯ ಅಂದೆ. ನಾಯಕನ ಬಾಹ್ಯಾಕಾಶ ಹಡಗನ್ನು ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ಇಳಿಸಿದೆ. ವಿಮಾನ ನಿಲ್ದಾಣಕ್ಕೆ ಅಂತ ಖಾಲಿ ಇಟ್ಟ ಜಾಗ, ಯಾರಿಗೂ ಅಡ್ಡಿಯಿಲ್ಲ. ಖಳನನ್ನು ಹೊಳೆನರಸೀಪುರ ದಾಟಿಸಿ ಅಟ್ಟಿಸಿದೆ, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿಸಿದೆ. ಹೊತ್ತು ಇಳಿಯೋ ಮೊದಲೇ ಬ್ಯಾರನ್ ತುಂಬಿತು. ಕೊನೇ ಕೋಲನ್ನು ದೊಡ್ಡಮ್ಮ ಖಳನ ಕತ್ತು ಅಂದುಕೊಂಡೇ ಬಿಗಿದಳು.

೪. ಹತ್ತನೇ ಭಾಗ

ಆ ಭಾನುವಾರ ದೊಡ್ಡಮ್ಮ ಹತ್ತೂ ಹೆಂಗಸರನ್ನು ಹೊರಡಿಸಿಕೊಂಡು ಹಾಸನಕ್ಕೆ ಅದೇ ಸಿನಿಮಾ ನೋಡಲು ಹೋದಳು. ನಾನು ಊರು ಬಿಡೋದೇ ವಾಸಿ ಅಂದುಕೊಂಡೆ. ಬಂದವಳೇ ಎಲ್ಲರೆದುರು ಹೇಳಿದಳು: "ಬೂವನಹಳ್ಳೀನೇ ತೋರಿಸ್ಲಿಲ್ಲ ಕಣ್ಲಾ. ಟಿಕೆಟ್ ಕೊಡೋನ್ನ ಕೇಳಿದ್ರೆ ಅಂತಾ ಸೀನು ಇಲ್ವೇ ಇಲ್ಲ ಅಂತಾನೆ. ನೀನು ಯೋಳ್ದಂಗೆ ತೆಗಿಯಕ್ಕೆ ಆ ಸಿನಿಮಾದೋರಿಗೆ ಬರ್ಲಿಲ್ಲ."

ನನ್ನ ಎದೆ ಅಂಗಿ ಗುಂಡಿ ಕೀಳುವಷ್ಟು ಉಬ್ಬಿತು. "ಹತ್ತನೇ ಭಾಗ ನಂದೇ" ಅಂದೆ.

"ಸಂತೋಷ" ಅಂದರು ದೊಡ್ಡಪ್ಪ. "ಅವ್ರ ಕಥೆ ಮುಗೀತಲ್ಲ, ಆಡಿದ ಮಾತು ಮಾತೇ. ನಿಂದು ಯೋಳ್ತಾ ಯೋಳ್ತಾ ಕಟ್ಟು."

ನನಗೆ ಒಂದು ಕೋಲು, ಒಂದು ಉಂಡೆ ದಾರ ಕೊಟ್ಟರು.